ಒದ್ದೆ ನೂಲಿನಿಂದ ಅಳೆದ ಆಕಾಶ

ಮೂವತ್ತರ ದಶಕದ ಕೊನೆಯಲ್ಲಿ ನಾನು ಒಬ್ಬ ಗಿರಣಿ ಮಾಲೀಕರ ಬಳಿ ಗುಮಾಸ್ತನಾಗಿದ್ದೆ. ಅವರೇ ಹಾರಿಸುವ, ಎರಡು ಸೀಟಿನ ಸ್ವಂತ ವಿಮಾನವಿತ್ತು. ತಮಿಳು ಸೀಮೆಯ ಓಮಲೂರಿನ ನಮ್ಮ ಮನೆಯ ಹತ್ತಿರದ ಬಯಲಿನಲ್ಲಿ, ತೆಂಗಿನ ಗರಿಯ ಚಪ್ಪರದಡಿ ಅದು ನಿಲ್ಲುತ್ತಿತ್ತು. ಹೊಸೂರಿಗೆ ಹಾರಲು ದಾರಿ ಗೊತ್ತುಮಾಡುವ ಕೆಲಸ ನನಗೆ ಬಂತು. ನಕ್ಷೆ ಓದಬಲ್ಲೆ ಎಂದು ನಾನೇ ಹೇಳಿಕೊಂಡಿದ್ದೆ.

ಧರ್ಮಪುರಿಯ ಆಚೆ ಆ ವಾರ ಸೈನ್ಯದ ವಿಮಾನಗಳು ಗುಂಡು ಹಾರಿಸುವ ಅಭ್ಯಾಸ ನಡೆಸಿದ್ದವು. ಬೆಳಗ್ಗೆ ಏಳೂವರೆಗೆ ಮುಂಚೆ, ವಾಪಸು ಬರುವಾಗ ಸಂಜೆ ಐದಕ್ಕೆ ಮುಂಚೆ, ಆ ಅಭ್ಯಾಸದ ಜಾಗದ ಗಡಿಯೊಳಗೆ ಬರಕೂಡದೆಂದು ತಂತಿ ಬಂದಿತ್ತು. ನಮ್ಮಲ್ಲಿ ರೇಡಿಯೋ ಇರಲಿಲ್ಲ. ಇದ್ದದ್ದು ಮಾಲೀಕರ ಕೈಗಡಿಯಾರ ಮತ್ತು ನನ್ನ ಲೆಕ್ಕ.

ಕಡಯಂಪಟ್ಟಿ ದಾಟಿ ಗುಡ್ಡಗಳನ್ನು ಬಳಸಿ ಹೋಗಬೇಕಾದ ಡೊಂಕು ದಾರಿ. ಸ್ಕೇಲು ಬಾಗುವುದಿಲ್ಲ. ನೇಕಾರರ ಮನೆಯವನಾದ ನನಗೆ ನೂಲು ಹೊಳೆಯಿತು. ಅಪ್ಪ ಮಗ್ಗದ ನೂಲಿಗೆ ಹಾಕುವ ಗಂಜಿಯಲ್ಲಿ ಒಂದೆಳೆ ಅದ್ದಿ ನಕ್ಷೆಯ ದಾರಿಯುದ್ದಕ್ಕೂ ಅಂಟಿಸಿದೆ, ಗಡಿ ಬರುವಲ್ಲಿ ಮಸಿಯ ಗುರುತು ಹಾಕಿದೆ, ಬಿಡಿಸಿ ಬಿಗಿಯಾಗಿ ಎಳೆದು ಸ್ಕೇಲಿನ ಮೇಲೆ ಓದಿದೆ. ಆರೂ ಐವತ್ತಕ್ಕೆ ಹೊರಟರೆ ಏಳೂವರೆಗೆ ಗಡಿ. ನಿಮಿಷವೂ ತಪ್ಪುವುದಿಲ್ಲವೆಂದು ಮಾಲೀಕರಿಗೆ ಹೇಳಿದೆ. ಅವರು ಕೇಳದಿದ್ದರೂ ಎರಡು ಸಲ ಹೇಳಿದೆ.

ಮರುದಿನ ಬೆಳಗ್ಗೆ, ನಾನು ಹೊರಡುವ ಹೊತ್ತಿಗೆ, ರಾತ್ರಿಯೆಲ್ಲ ಮೊಳೆಯಲ್ಲಿ ತೂಗಿ ಒಣಗಿದ್ದ ಆ ನೂಲನ್ನು ಅಪ್ಪ ಕೈಗೆ ತೆಗೆದುಕೊಂಡರು.

"ಏನ್ ಲಾ ಇದು, ನೂಲ್ಗೆ ಮಸಿ?"

"ವಿಮಾನದ ದಾರಿ ಅಳ್ದೆ."

"ಒದ್ದೆ ಇದ್ದಾಗ್ಲೇನಾ? ಎಳ್ದು?"

ನಾನು ತಲೆಯಾಡಿಸಿದೆ.

"ಒದ್ದೆ ನೂಲು ಎಳ್ದಷ್ಟೂ ಬತ್ತೈತೆ, ಒಣಗಿದ್ರೆ ವಾಪಸ್ ಓಗ್ತೈತೆ. ಮಗ್ಗದ ಮನೇಲಿ ಉಟ್ಟಿ ಇದೂ ಗೊತ್ತಿಲ್ವಾ, ತೆರಿಯಾದಾ? ನಲ್ಲ ಪಿಳ್ಳೆ, ಒಳ್ಳೆ ಮಗ ಲೇ ನೀನು!"

ಒಣಗಿದ ನೂಲನ್ನು ಮತ್ತೆ ಅಳೆದೆ. ಐದು ಮೈಲಿ ಕಡಿಮೆ. ನನ್ನ ಲೆಕ್ಕದಂತೆ ಹೊರಟರೆ ನಾಲ್ಕು ನಿಮಿಷ ಮುಂಚೆ ಗುಂಡುಗಳ ನಡುವೆ ನಾವಿಬ್ಬರು.

ನೂಲನ್ನು ಜೇಬಿಗೆ ತುರುಕಿ ಬಯಲಿಗೆ ಓಡಿದೆ. ಮಾಲೀಕರು ಆಗಲೇ ಕನ್ನಡಕ ಕಟ್ಟಿ ಕೂತಿದ್ದರು. "ಎನ್ನಯ್ಯಾ, ಟೈಮ್ ಆಚು, ಅತ್ತು!" ಎಂದು ವಿಮಾನ ಹತ್ತಲು ಅವಸರಿಸಿದರು.

ತಪ್ಪಾಯಿತು ಎನ್ನಲು ಬಾಯಿ ತೆರೆದೆ. "ಹೊಟ್ಟೆ ಸರಿಯಿಲ್ಲ ಸಾರ್" ಎಂಬುದು ಹೊರಬಂತು. ಪಾಪಾಸುಕಳ್ಳಿಯ ಹಿಂದೆ ಕೂತು ಮುನ್ನೂರರವರೆಗೆ ಎಣಿಸಿದೆ. ನನ್ನ ಎಣಿಕೆಯ ಮೇಲೂ ನಂಬಿಕೆ ಹೋಗಿದ್ದರಿಂದ ಇನ್ನೊಂದು ನೂರು ಎಣಿಸಿದೆ.

ಗಡಿಯಲ್ಲಿ ಸೈನ್ಯದ ಮೂರು ವಿಮಾನಗಳು ನಮ್ಮೆದುರೇ ಉತ್ತರಕ್ಕೆ ತಿರುಗಿ ಹೋದವು. ಕೊನೆಯದರ ಬಾಲದ ಬಣ್ಣವೂ ಕಂಡಿತು. ಹೊಸೂರಿನಲ್ಲಿ ಇಳಿದೆವು.

"ಅಷ್ಟು ಲೇಟಾಗಿ ಒರಟ್ರೂ ಏಳೂವರೆಗೇ ಗಡಿಗೆ ಬಂದ್ವಲ್ಲ, ಎಂಗೆ?" ಎಂದರು ಮಾಲೀಕರು.

"ಹಿಂದಿನಿಂದ ಗಾಳಿ, ಸಾರ್."

"ಅಂಗಾದ್ರೆ ವಾಪಸ್ ಓಗೋವಾಗ ಎದುರುಗಾಳಿ. ಸಂಜೆ ಐದು ನಿಮಿಷ ಮುಂಚೇನೇ ಒರಡಾಣ."

ಇಲ್ಲದ ಎದುರುಗಾಳಿಗೆಂದು ಬೇಗ ಹೊರಟರೆ ಮತ್ತೆ ಐದಕ್ಕೆ ಮುಂಚೆಯೇ ಗುಂಡುಗಳ ನಡುವೆ. ಎರಡನೇ ಸಲ ಹೊಟ್ಟೆ ಕೆಡಿಸಿಕೊಳ್ಳುವ ಧೈರ್ಯ ಬರಲಿಲ್ಲ. ಜೇಬಿನಿಂದ ನೂಲು ತೆಗೆದು ಅವರ ಕೈಗಿಟ್ಟು, ಗಂಜಿಯಿಂದ ಕಳ್ಳಿಯವರೆಗೆ ಎಲ್ಲವನ್ನೂ ಹೇಳಿದೆ.

ಅವರು ನೂಲನ್ನು ಬೆರಳಿಗೆ ಸುತ್ತಿ ಎಳೆದು ನೋಡಿದರು. "ಸಂಜೆ ಲೆಕ್ಕ ನಾನೇ ಆಕ್ತೀನಿ," ಎಂದರು. "ಮುಂದಿನ್ ಸಲ ಆ ಸೀಟ್ನಾಗೆ ನಿಮ್ಮಪ್ಪನ್ನ ಕೂರುಸ್ತೀನಿ."