ಸೀಬೆ ಕೊಂಬೆಯ ಬಿರಡೆ

ಇವತ್ತು ಬೆಳಿಗ್ಗೆ ಆಯುಧಪೂಜೆಗೆ ಇಡಲೆಂದು ಮನೆಯ ಸ್ಕ್ರೂಡ್ರೈವರು, ಸುತ್ತಿಗೆ, ಇಕ್ಕಳಗಳನ್ನು ಒಟ್ಟುಮಾಡುತ್ತಿದ್ದಾಗ ಡಬ್ಬಿಯ ತಳದಲ್ಲಿ ಒಂದು ಬಿರಡೆ ಸಿಕ್ಕಿತು. ಹೆಬ್ಬೆರಳಿನ ಗಾತ್ರದ್ದು. ಸೀಬೆ ಕೊಂಬೆಯನ್ನು ಚಾಕುವಿನಿಂದ ಕೆತ್ತಿ, ಒಂದು ತುದಿಗೆ ಹಳೆಯ ಪಂಚೆಯ ಚೂರು ಸುತ್ತಿದ್ದು. ಮೂಸಿ ನೋಡಿದೆ. ಆರು ವರ್ಷದಲ್ಲಿ ಪೆಟ್ರೋಲಿನ ವಾಸನೆ ಪೂರ್ತಿ ಹೋಗಿದೆ. ಬಟ್ಟೆಯ ಮಡಿಕೆಯಲ್ಲಿ ಅರಿಶಿನದ ಬಣ್ಣ ಮಾತ್ರ ಉಳಿದಿದೆ. ಇದನ್ನೂ ಆಯುಧಗಳ ಸಾಲಿನಲ್ಲಿ ಇಡಬೇಕೋ ಬೇಡವೋ ತಿಳಿಯದೆ ಕೂತುಬಿಟ್ಟೆ. ಅದು ಮಾಡಿದ ಹಾನಿಯ ಲೆಕ್ಕದಲ್ಲಿ ನೋಡಿದರೆ ಸುತ್ತಿಗೆಗಿಂತ ಮುಂದೆಯೇ ಇಡಬೇಕು.

ನಿಮಗೆ ಮೊದಲು ದೋಣಿಯ ವಿಷಯ ಹೇಳಬೇಕು. ರಾಮಕೃಷ್ಣನಗರದ ನಮ್ಮ ರಸ್ತೆಯಲ್ಲಿ ಎಲ್ಲರ ಮನೆ ಮುಂದೆ ಕಾರು, ಸ್ಕೂಟರು ನಿಂತಿದ್ದರೆ ಪಕ್ಕದ ಮನೆಯ ಪುಟ್ಟಸ್ವಾಮಿಯವರ ಕಾಂಪೌಂಡಿನಲ್ಲಿ, ತಗಡಿನ ಶೆಡ್ಡಿನಡಿ, ಒಂದು ಮೋಟಾರು ದೋಣಿ ನಿಂತಿದೆ. ಅವರು ಕೆರೆಯಲ್ಲಿ ಜನರನ್ನು ಸುತ್ತಾಡಿಸುವ ದೋಣಿಯ ಡ್ರೈವರಾಗಿದ್ದವರು. ಅವರು ನಿವೃತ್ತರಾದ ವರ್ಷವೇ ದೋಣಿಯನ್ನೂ ಗುಜರಿಗೆ ಹಾಕುತ್ತೇವೆಂದರಂತೆ. ಇವರು ಅದನ್ನು ಕೊಂಡು, ಎರಡು ಚಕ್ರದ ಟ್ರೇಲರಿನ ಮೇಲೆ ಕೂರಿಸಿಕೊಂಡು ಮನೆಗೆ ತಂದರು. ಆ ಮನೆಗಿಂತ ಐದು ವರ್ಷ ಮೊದಲು ಕಟ್ಟಿಸಿದ ನನ್ನ ಮನೆಗೆ ಗೇಟಿನಲ್ಲಿ ಹಿತ್ತಾಳೆಯ ಫಲಕವಿದೆ. ಆದರೂ ಪಾರ್ಸೆಲ್ ತರುವವರಿಗೆ ನಾವು ಕೊಡುವ ವಿಳಾಸ ‘ದೋಣಿ ಮನೆ ಪಕ್ಕ’ ಎಂದೇ.

ಆ ಮನೆಯಲ್ಲಿ ಬೇರೆ ವಾಹನವಿಲ್ಲ. ಹಾಗಾಗಿ ಆಯುಧಪೂಜೆಯ ದಿನ ಪುಟ್ಟಸ್ವಾಮಿಯವರ ಹೆಂಡತಿ ಸರೋಜಮ್ಮನವರ ಭಕ್ತಿಯೆಲ್ಲ ದೋಣಿಯ ಪಾಲು. ಬೇರೆಯವರು ಕಾರಿನ ಹೊರಗೆ ನೀರು ಹಾಕಿ ಒರೆಸಿದರೆ ಇವರು ದೋಣಿಯ ಒಳಗೂ ಬಿಂದಿಗೆಗಟ್ಟಲೆ ಸುರಿಯುತ್ತಿದ್ದರು. ‘ದೋಣಿಗೆ ನೀರು ಅಂದ್ರೆ ತವರು ಕಣ್ರೀ,’ ಎನ್ನುತ್ತಿದ್ದರು. ಅರಿಶಿನ ಕುಂಕುಮ, ಚೆಂಡುಹೂವು, ಚಕ್ರದಡಿಗೆ ಎರಡು ನಿಂಬೆಹಣ್ಣು. ಚಕ್ರ ಎರಡೇ ಇದ್ದುದರಿಂದ ಉಳಿದೆರಡು ನಿಂಬೆಹಣ್ಣು ದೋಣಿಯೊಳಗೆ.

ದೋಣಿಯ ಹಿಂಭಾಗದಲ್ಲಿ, ತಳಕ್ಕೆ ಹತ್ತಿರ, ಒಂದು ತೂತಿರುತ್ತದೆ. ನೀರಿಗಿಳಿಸುವಾಗ ಅದಕ್ಕೆ ಹಿತ್ತಾಳೆಯ ತಿರುಪು ಹಾಕುತ್ತಾರೆ. ನೆಲದ ಮೇಲಿದ್ದಾಗ ಒಳಗಿನ ನೀರು ಹರಿದುಹೋಗಲೆಂದು ಬಿಚ್ಚಿಡುತ್ತಾರೆ. ಒಂದು ವರ್ಷ ಪೂಜೆಯ ನೀರು ಆ ತೂತಿನಿಂದ ಇಳಿದು ಗೇಟಿನವರೆಗೆ ಹರಿಯಿತು. ಅರಿಶಿನ ಕುಂಕುಮದ ನೀರನ್ನು ಬಂದವರೆಲ್ಲ ತುಳಿಯುತ್ತಾರಲ್ಲ ಎಂದು ಸರೋಜಮ್ಮ ಪೇಚಾಡಿದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಸಮಸ್ಯೆ ಕಂಡರೆ ಕೈ ಸುಮ್ಮನಿರುವುದಿಲ್ಲ. ನಮ್ಮ ಸೀಬೆ ಮರದ ಕೊಂಬೆ ಕಡಿದು, ಕೆತ್ತಿ, ತೂತಿಗೆ ಬಿರಡೆ ಹೊಡೆದೆ. ಸಂಜೆ ತೆಗೆಯುತ್ತೇನೆ ಎಂದುಕೊಂಡಿದ್ದೆ. ಸಂಜೆ ದಸರಾ ದೀಪ ನೋಡಲು ನೆಂಟರು ಬಂದರು. ಮರೆತೆ.

ಆ ಮರೆವು ನಾಲ್ಕು ವರ್ಷ ನಡೆಯಿತು. ಪುಟ್ಟಸ್ವಾಮಿಯವರ ಮಂಡಿ ಆಪರೇಷನ್ ಆಗಿ ದೋಣಿ ಕೆರೆಗೆ ಹೋಗುವುದು ನಿಂತಿತ್ತು. ಬಗ್ಗಿ ತಳ ನೋಡುವುದು ಅವರಿಂದಾಗುತ್ತಿರಲಿಲ್ಲ. ಭಾನುವಾರ, ಬಿಸಿಯೇರದಂತೆ ಪೈಪಿನಿಂದ ನೀರು ಕೊಟ್ಟು, ಇಂಜಿನ್ನನ್ನು ಹತ್ತು ನಿಮಿಷ ಓಡಿಸಿ, ಅದರ ಸದ್ದು ಕೇಳಿ ಒಳಗೆ ಹೋಗುತ್ತಿದ್ದರು. ಸರೋಜಮ್ಮ ವರ್ಷವರ್ಷವೂ ಬಿಂದಿಗೆ ಸುರಿಯುತ್ತಿದ್ದರು. ನಾನು ಮಾಡಿದ್ದೇನೆಂದು ಕೇಳದೆಯೇ, ಈಗ ಗೇಟಿಗೆ ನೀರು ಬರುವುದಿಲ್ಲ ಎಂದು ನನ್ನನ್ನು ಹೊಗಳುತ್ತಲೂ ಇದ್ದರು. ಹೊಗಳಿಕೆ ನನಗೂ ಹಿತವಾಗಿಯೇ ಇತ್ತು.

ಆಮೇಲೆ ವಾಸನೆ ಶುರುವಾಯಿತು. ಮೊದಲು ಕಾಂಪೌಂಡಿನಲ್ಲಿ, ನಂತರ ಅವರ ಅಡುಗೆಮನೆಯ ಕಿಟಕಿಯಲ್ಲಿ. ದೋಣಿಯ ನೆಲಹಾಸಿನ ಕೆಳಗೆ ಹುದುಗಿದ್ದ ಕಬ್ಬಿಣದ ಪೆಟ್ರೋಲ್ ಟ್ಯಾಂಕು ಸೋರುತ್ತಿತ್ತು. ಸರೋಜಮ್ಮ ದೇವರಿಗೆ ದೀಪ ಹಚ್ಚಲು ಹೆದರಿದರು. ಒಂದು ದಿನ ಗಂಡನಿಗೆ ಖಂಡಿತವಾಗಿ ಹೇಳಿಬಿಟ್ಟರು: ‘ಒಂದೋ ಆ ವಾಸ್ನೆ ಹೋಗ್ಬೇಕು, ಇಲ್ಲಾ ದೋಣಿ ಹೋಗ್ಬೇಕು.’ ಪುಟ್ಟಸ್ವಾಮಿ ಆ ರಾತ್ರಿ ಊಟ ಮಾಡಲಿಲ್ಲವೆಂದು ಮಾರನೆಯ ದಿನ ಆಕೆಯೇ ಬಂದು ನನ್ನ ಹೆಂಡತಿಗೆ ಹೇಳಿದರು.

ಫ್ಯಾಬ್ರಿಕೇಷನ್ ಶೆಡ್ ಇಟ್ಟುಕೊಂಡಿದ್ದ ಇಲಿಯಾಸ್ ಎಂಬುವರನ್ನು ಕರೆಸಿದೆವು. ಮಿತಭಾಷಿ. ಬಂದವರೇ ಬ್ಯಾಟರಿ ಬಿಚ್ಚಿದರು, ಫೋನುಗಳನ್ನು ನನ್ನ ಮನೆಗೆ ಕಳಿಸಿದರು, ಮೂರು ದಿನ ಸರೋಜಮ್ಮನ ಒಲೆ ಹಚ್ಚಕೂಡದೆಂದರು. ಅವರ ಅಡುಗೆಯೆಲ್ಲ ನಮ್ಮ ಮನೆಯಲ್ಲೇ ನಡೆಯಿತು. ಉಳಿದ ಪೆಟ್ರೋಲನ್ನು ಕೈಪಂಪಿನಿಂದ ಕ್ಯಾನುಗಳಿಗೆ ಎಳೆದು, ಒಂದು ದಿನ ಗಾಳಿಯಾಡಲು ಬಿಟ್ಟು, ಆಮೇಲೆ ನೆಲಹಾಸನ್ನು ಕೈಗರಗಸದಲ್ಲೇ ಕುಯ್ದರು. ಮಿಷನ್ ಗರಗಸ ಬೇಗ ಆಗುವುದಿಲ್ಲವೇ ಎಂದು ನಾನು ಕೇಳಿದೆ. ಅದರಲ್ಲಿ ಕಿಡಿ ಹಾರುತ್ತದೆ ಮೇಷ್ಟ್ರೇ, ಎಂದರು. ವಿಜ್ಞಾನದ ಮೇಷ್ಟ್ರು ಅಲ್ಲಿಗೆ ಬಾಯಿ ಮುಚ್ಚಿಕೊಂಡು, ಅವರೇ ತಂದಿದ್ದ ಕಿಡಿಯಾಗದ ಟಾರ್ಚ್ ಹಿಡಿಯುವ ಕೆಲಸಕ್ಕೆ ನಿಂತರು.

ದೋಣಿ ಕಟ್ಟಿದವರು ಟ್ಯಾಂಕು ಅಲುಗಾಡದಿರಲೆಂದು ಅದರ ಸುತ್ತ ಗಟ್ಟಿ ಫೋಮ್ ತುಂಬಿದ್ದರು. ಅದನ್ನು ಹಳೆಯ ಈಳಿಗೆಯ ಅಲಗಿನಿಂದ ಕೊರೆದು ಕೊರೆದು ತೆಗೆಯಬೇಕಾಯಿತು. ಕೆಳಕ್ಕೆ ಹೋದಂತೆ ಫೋಮು ನೆನೆದು ಭಾರವಾಗಿತ್ತು. ದೋಣಿಯ ಶೆಡ್ಡಿನ ತೊಲೆಗೆ ಕಟ್ಟಿದ ಸರಪಣಿ ರಾಟೆಯಿಂದ ಟ್ಯಾಂಕನ್ನು ಮೇಲೆತ್ತಿದಾಗ ಅದರ ತಳ ತುಕ್ಕು ತಿಂದು ಜರಡಿಯಂತಾಗಿತ್ತು. ಕೆಳಗಿನ ಗುಂಡಿಯಲ್ಲಿ ಹಳದಿ ಕೆಸರು, ಅದರಲ್ಲಿ ನೆಲಹಾಸಿನ ಕಂಡಿಯಿಂದ ಜಾರಿ ಬಿದ್ದು ಕೊಳೆತ ಚೆಂಡುಹೂವು, ಕಪ್ಪಾಗಿ ಸುಕ್ಕಿದ ಒಂದು ನಿಂಬೆಹಣ್ಣು.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೂ ಬೇಕು ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಒಂಬತ್ತನೇ ಕ್ಲಾಸಿನ ಮಕ್ಕಳ ಮುಂದೆ ಒದ್ದೆ ಪ್ರನಾಳದಲ್ಲಿ ಮೊಳೆ ಇಟ್ಟು ತೋರಿಸಿದವನು. ತೂತಿಗೆ ಹೊಡೆದ ಬಿರಡೆ ಆಗ ನೆನಪಾಯಿತು.

ಪುಟ್ಟಸ್ವಾಮಿ ಆ ಕೆಸರನ್ನು ನೋಡಿ, ನನ್ನನ್ನು ನೋಡಿದರು. ಕೋಲೂರಿಕೊಂಡು ದೋಣಿಯ ಹಿಂದಕ್ಕೆ ಹೋದರು, ಕಷ್ಟಪಟ್ಟು ಕೂತರು, ತೂತಿಗೆ ಕೈ ಹಾಕಿದರು. ಬಿರಡೆ ಕಿತ್ತು ಬಂತು; ಹಿಂದೆಯೇ ಕಂದು ನೀರು. ಅಷ್ಟರಲ್ಲಿ ಸರೋಜಮ್ಮ ನಮ್ಮ ಮನೆಯಿಂದ ಕಾಫಿ ಹಿಡಿದು ಬಂದರು. ಪುಟ್ಟಸ್ವಾಮಿ ಎದ್ದು, ಬಿರಡೆಯನ್ನು ನನ್ನ ಅಂಗಿಯ ಜೇಬಿಗೆ ಹಾಕಿದರು. ಯಾಕೆ ಕೆಟ್ಟಿತಂತೆ ಎಂದು ಆಕೆ ಕೇಳಿದಾಗ, ‘ಕೆರೆ ನೀರು ಕಣೇ. ಹಳೇದು, ಒಳಗೇ ನಿಂತ್ಬುಟ್ಟಿತ್ತು,’ ಎಂದರು. ಸರೋಜಮ್ಮ ಗುಂಡಿಯೊಳಗೆ ಒಂದು ಸಲ ಇಣುಕಿ, ಲೋಟ ಕೊಟ್ಟು ಹೋದರು. ನಾನು ಕಾಫಿ ಕುಡಿದೆ. ಮಾತಾಡಬೇಕಾಗಿದ್ದುದು ಆಗ. ಆಡಲಿಲ್ಲ.

ಇಲಿಯಾಸ್ ಹಳೆಯ ಟ್ಯಾಂಕಿನ ಅಳತೆಗೆ ಅಲ್ಯೂಮಿನಿಯಮ್ಮಿನದು ಮಾಡಿ ತಂದರು. ಗಾಳಿ ತುಂಬಿ, ಬೆಸುಗೆಗಳಿಗೆ ಸೋಪಿನ ನೀರು ಸವರಿ, ಗುಳ್ಳೆ ಬರದುದನ್ನು ನಮ್ಮೆಲ್ಲರಿಗೂ ತೋರಿಸಿದರು. ಈ ಸಲ ಫೋಮ್ ಇಲ್ಲ. ರಬ್ಬರ್ ಪಟ್ಟಿಗಳ ಮೇಲೆ ಕೂರಿಸಿ, ಕೆಳಗೆ ನೀರು ಹರಿಯಲು ಜಾಗ ಬಿಟ್ಟರು. ನೆಲಹಾಸಿಗೆ ಬಿಚ್ಚಿ ನೋಡಬಹುದಾದ ಮುಚ್ಚಳ ಬಂತು. ವಾಸನೆ ಹೋಯಿತು, ದೋಣಿ ಉಳಿಯಿತು, ಒಂದು ಭಾನುವಾರ ಕೆರೆಗೂ ಹೋಗಿ ಬಂತು. ಸರೋಜಮ್ಮ ನಡುವೆ ಕೂತಿದ್ದರು, ಮಾತಿಲ್ಲದೆ. ನೀರಿನ ಭಯವೇನೋ ಎಂದುಕೊಂಡೆ.

ಅಲ್ಲಿಂದೀಚೆಗೆ ಅವರ ಪೂಜೆ ಬದಲಾಯಿತು. ಬಿಂದಿಗೆ ಹೋಗಿ ಉದ್ಧರಣೆ ಬಂತು. ಒಂದು ಚಮಚ ನೀರು, ಹೊರಗಡೆಯಿಂದ ಪ್ರೋಕ್ಷಣೆ, ಅಷ್ಟೇ. ವಯಸ್ಸಾಯಿತು, ಬಿಂದಿಗೆ ಎತ್ತಲಾಗುವುದಿಲ್ಲ ಎಂದು ನಾನು ಆರು ವರ್ಷ ತಿಳಿದುಕೊಂಡಿದ್ದೆ.

ಇವತ್ತು ಆ ಬಿರಡೆ ಹಿಡಿದು ಅವರ ಮನೆಗೆ ಹೋದೆ. ಪುಟ್ಟಸ್ವಾಮಿ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಸರೋಜಮ್ಮ ಉದ್ಧರಣೆ ಹಿಡಿದು ದೋಣಿಯ ಮುಂದೆ ನಿಂತಿದ್ದರು. ಬಿರಡೆ ತೋರಿಸಿ, ಹೊಡೆದವನೂ ನಾನೇ, ನಾಲ್ಕು ವರ್ಷ ಮರೆತವನೂ ನಾನೇ, ಟ್ಯಾಂಕು ಹೋದದ್ದು ಇದರಿಂದ ಎಂದೆ. ಆಕೆ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

‘ನಾಕ್ ವರ್ಷ ಕೆರೆ ಮುಖ ನೋಡ್ದಿದ್ ದೋಣಿಗೆ ಕೆರೆ ನೀರು ಎಲ್ಲಿಂದ ಬತ್ತದೆ ಮೇಷ್ಟ್ರೇ? ಸುಳ್ಳು ಅಂತ ಅವತ್ತೇ ಗೊತ್ತಾಯ್ತು. ಗುಂಡೀಲಿ ನನ್ ಹೂವೇ ಇತ್ತಲ್ಲ. ನಾನು ಸುರ್ದಿದ್ ನೀರಿಂದ್ಲೇ ಹಾಳಾಯ್ತು, ನನಗೆ ನೋವಾಗ್ಬಾರ್ದು ಅಂತ ಇವರು ಅಂಗಂದ್ರು ಅನ್ಕೊಂಡಿದ್ದೆ.’ ಬಿರಡೆಯನ್ನು ನನ್ನ ಕೈಗೆ ಕೊಟ್ಟು, ‘ತೂತು ತೆಗ್ದಿದ್ರೆ ನೀರು ಹೋಗ್ಬುಡೋದಾ?’ ಎಂದು ಕೇಳಿದರು.

ಹೋಗಿಬಿಡುತ್ತಿತ್ತು ಎಂದೆ. ನನಗೆ ನಾಚಿಕೆಯಾಯಿತು. ಪುಟ್ಟಸ್ವಾಮಿ ಕಾಪಾಡಿದ್ದು ನನ್ನ ಮಾನವನ್ನು. ಅದರ ಭಾರ ಹೊತ್ತದ್ದು ಈಕೆ. ಪೇಪರಿನ ಹಿಂದಿನಿಂದ ಪುಟ್ಟಸ್ವಾಮಿ, ‘ಈಗ್ಲಾದ್ರೂ ಬಾಯ್ಬುಟ್ರಲ್ಲ,’ ಎಂದರು.

ಸರೋಜಮ್ಮ ಉದ್ಧರಣೆಯನ್ನು ತಟ್ಟೆಯಲ್ಲಿಟ್ಟು ಒಳಗೆ ಹೋದರು. ಬಂದಾಗ ಸೊಂಟದ ಮೇಲೆ ತುಂಬಿದ ಬಿಂದಿಗೆಯಿತ್ತು. ನಾನು ಅವರ ಬಚ್ಚಲಿನಿಂದ ಬಕೆಟ್ ತಂದು, ದೋಣಿಯ ಹಿಂದೆ ತೂತಿನ ಕೆಳಗೆ ಹಿಡಿದು ಕುಕ್ಕರಗಾಲಲ್ಲಿ ಕೂತೆ. ಹನ್ನೊಂದು ಬಿಂದಿಗೆ ಸುರಿದರು. ಬಕೆಟ್ ತುಂಬಿದಾಗಲೆಲ್ಲ ತೆಂಗಿನ ಬುಡಕ್ಕೆ ಹೊತ್ತು ಹಾಕಿ ಬಂದೆ. ಯಾರೂ ತುಳಿಯಲಿಲ್ಲ.