ಗಾಜಿನ ಮುಚ್ಚಳದ ಪೆಟ್ಟಿಗೆ

ಟರ್ಪೆಂಟೈನ್ ವಾಸನೆ ನಿಮಗೆ ಹಿಡಿಸುತ್ತದೆಯೋ ಇಲ್ಲವೋ, ನನಗಂತೂ ಅದೇ ಅತ್ತರು. ಇಂದು ಬೆಳಗ್ಗೆ ಗೋಕಾಕದ ನಮ್ಮ ಮನೆಯ ಅಟ್ಟದಿಂದ ಕುಂಚಗಳ ಹಳೆಯ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಬಣ್ಣ ಒರೆಸಿದ ಅರಿವೆಯೊಂದು ಗಟ್ಟಿಯಾಗಿ ಮುದುಡಿಕೊಂಡು ಬಿದ್ದಿತ್ತು. ಮೂಸಿ ನೋಡಿದವನು ಹಾಗೇ ಕುಳಿತುಬಿಟ್ಟೆ. ಬದುಕಿದ್ದ ಮನುಷ್ಯನೊಬ್ಬನನ್ನು ನಾನು ಸಾಯಿಸಿ, ಮತ್ತೆ ಬದುಕಿಸಿದ ಗುರುತು ಆ ಅರಿವೆಯಲ್ಲಿದೆ. ಗಾಬರಿಯಾಗಬೇಡಿ, ಹೇಳುತ್ತೇನೆ.

ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನ ಸೇರಿ ಕಟ್ಟಿಕೊಂಡ ದವಾಖಾನೆಯೊಂದಿದೆ. ಅದಕ್ಕೊಂದು ದೇಣಿಗೆ ಸಮಿತಿ. ಅದರಲ್ಲಿ ನನ್ನನ್ನು ತೆಗೆದುಕೊಂಡದ್ದು ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಯಾರಾದರೂ ಮಂಚ ಕೊಟ್ಟರೆ ಮಂಚದ ಮೇಲೆ, ಕುರ್ಚಿ ಕೊಟ್ಟರೆ ಕುರ್ಚಿಯ ಬೆನ್ನಿಗೆ, ಫ್ಯಾನು ಕೊಟ್ಟರೆ ಅದರ ರೆಕ್ಕೆಗೆ ಹೆಸರು ಬರೆಯಬೇಕು. ಮಲಗಿದ ರೋಗಿಗೆ ಫ್ಯಾನಿನ ದಾನಿಯ ಹೆಸರು ಕಾಣುವುದು ಕರೆಂಟು ಹೋದಾಗ ಮಾತ್ರ. ಆಗ ಬೆವರುತ್ತ ಅವನು ದಾನಿಗೆ ಏನೆನ್ನುತ್ತಾನೋ ನಾನು ಕೇಳಲು ಹೋಗಿಲ್ಲ.

ಈ ಸಮಿತಿಯಲ್ಲಿ ಜನ ಯಾಕೆ ದುಡಿಯುತ್ತಾರೆ? ಪಗಾರವಿಲ್ಲ, ಬಸ್ಸಿನ ಖರ್ಚೂ ಕೈಯಿಂದಲೇ. ನನ್ನದನ್ನು ಖರೆ ಹೇಳಿಬಿಡುತ್ತೇನೆ: ವರ್ಷಕ್ಕೊಂದು ಶಾಲು, ಪೇಪರಿನಲ್ಲಿ ಫೋಟೋ, ಸಭೆಯಲ್ಲಿ ಒಂದು ತುಂಡು ಕರದಂಟು. ಉಳಿದವರಿಗೂ ಇಂಥದ್ದೇ ಏನೋ ಇರಬೇಕೆಂದು ನಾಲ್ಕು ವರ್ಷ ಅಂದುಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ.

ಶಾಂತವ್ವಾರು ನಮ್ಮ ಸಮಿತಿಯವರೇ. ಘಟಪ್ರಭಾ ಸ್ಟೇಷನ್ನಿನ ಹತ್ತಿರ ಖಾನಾವಳಿ ನಡೆಸುತ್ತಿದ್ದರು. ಮಾತು ಕಡಿಮೆ. ಮನೆಮನೆ ತಿರುಗುವಾಗ ಎಲ್ಲರಿಗಿಂತ ಮುಂದೆ ಅವರೇ ಇರುತ್ತಿದ್ದರು. ನಾನು ಹಿಂದೆ ನೆರಳು ಹುಡುಕುತ್ತ ಹೋಗುತ್ತಿದ್ದೆ. ಒಂದು ಸಭೆಯಲ್ಲಿ ಅವರು ಎದ್ದು ನಿಂತು, “ಹೆಣಾ ಇಡೂ ಫ್ರೀಜರ್ ಪೆಟಗಿ ಒಂದ ತರಸೂನ್ರಿ. ಯಾರರ ತೀರಿಕೊಂಡ್ರ ಅವರ ಮನಿಗಿ ಪುಕ್ಕಟ ಕಳಸೂಣು,” ಎಂದರು.

ಮೊದಲು ಬಾಯಿ ತೆರೆದವನು, ನನ್ನ ಕರ್ಮ, ನಾನೇ. “ಶಾಂತವ್ವಾರ, ದವಾಖಾನಿ ಇರೂದು ಮಂದೀನ ಬದಕಸಾಕರಿ. ನಾವ ಹೆಣದ ಪೆಟಗೀಗಿ ದೇಣಿಗಿ ಕೇಳಕೋತ ಹ್ವಾದ್ರ ಮಂದಿ ಏನಂದಾರು?” ಎಂದೆ. ಎರಡು ಮೂರು ಜನ ತಲೆಯಾಡಿಸಿದರು. ನಾನು ಉಬ್ಬಿಹೋಗಿ “ಅಪಶಕುನ” ಎಂದೂ ಸೇರಿಸಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಊಟಕ್ಕೆ ಬಡಿಸುವವರ ಹಾಗೆ ಸಮಾಧಾನದಿಂದ ಹೇಳಿದರು.

“ನನಗೊಬ್ಬಾಕಿನ ಮಗಳ ಇದ್ಲರಿ, ಮಾಸ್ತರ್. ಮೂಡಲಗಿಗಿ ಕೊಟ್ಟಿದ್ನಿ. ಬ್ಯಾಸಗ್ಯಾಗ ಜ್ವರಾ ಬಂದು ಎರಡ ದಿನದಾಗ ಹೋದ್ಲು. ನಾ ಸೊಲ್ಲಾಪುರದಾಗ ನಮ್ಮಕ್ಕನ ಮನ್ಯಾಗ ಇದ್ನಿ. ಗಾಡಿ ತಡಾ ಆತು. ಬಿಸಲ ಭಾಳ ಐತಿ, ಇಡಾಕ ಬರೂದಿಲ್ಲಂತ ಅವರ ಮಣ್ಣ ಮಾಡಿಬಿಟ್ಟಿದ್ರು. ನಾ ನೆಟ್ಟಗ ಅಲ್ಲೇ ಹೋಗಿ ಕೈಲೇ ಮಣ್ಣ ತಗ್ಯಾಕ ಹತ್ನಿ. ಒಂದ ಸಲ ಮಾರಿ ನೋಡತೇನಿ ಬಿಡ್ರೋ ಅಂದ್ನಿ. ನಾಕ ಮಂದಿ ಹಿಡಕೊಂಡ ಎಳದ್ರು.”

ಒಂದು ಗುಟುಕು ನೀರು ಕುಡಿದರು. “ಈಗೂ ಕನಸಿನ್ಯಾಗ ಬರತಾಳ್ರಿ. ಮಾರಿ ಕಾಣೂದಿಲ್ಲ. ಆಕಿ ಸತ್ತಾಳಂತ ನನ್ನ ಜೀವಾ ಇನ್ನೂ ಒಪ್ಪವಲ್ದು.”

ನನ್ನ ಬಾಯಲ್ಲಿದ್ದ ಕರದಂಟು ಅಲ್ಲೇ ನಿಂತಿತು. ನಾಲ್ಕು ವರ್ಷ ಅವರ ಬಾಜೂ ಕುಳಿತು ಚಹಾ ಕುಡಿದಿದ್ದೆ, ಅವರ ಖಾನಾವಳಿಯ ಜುಣಕದ ರುಚಿ ಹೊಗಳಿದ್ದೆ. ಆ ಕೈಗಳು ಮಗಳ ಮುಖ ನೋಡಲು ಮಣ್ಣು ಬಗೆದ ಕೈಗಳೆಂದು ಗೊತ್ತಿರಲಿಲ್ಲ. ಅಪಶಕುನ ಅಂದೆನಲ್ಲಾ! ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಠರಾವು ಪಾಸಾಯಿತು, ದೇಣಿಗೆ ಹುಟ್ಟಲಿಲ್ಲ. ಬೆಲ್ಲದ ಬಾಗೇವಾಡಿಯಲ್ಲಿ ತಂದೆಯ ಹೆಸರಿನಲ್ಲಿ ಮಂಚಗಳನ್ನು ಕೊಟ್ಟಿದ್ದ ಸಾವಕಾರರು, “ಇನ್ನೂ ಹತ್ತ ಮಂಚಾ ಕೇಳ್ರಿ ಕೊಡತೇನಿ. ನಮ್ಮಪ್ಪನ ಹೆಸರ ಅದರ ಮ್ಯಾಲ ಬ್ಯಾಡ,” ಎಂದು ಕೈಮುಗಿದರು. ಕೌಜಲಗಿಯಲ್ಲಿ ದೊಡ್ಡ ಮನೆಯವರೊಬ್ಬರು, “ಮುಂಜಮುಂಜಾನೆ ಸಾಯೂ ಮಾತ ತಗೊಂಡ ಬಂದೀರಲ್ಲಾ, ನಾಚಿಕಿ ಆಗೂದಿಲ್ಲೇನ್ರಿ?” ಎಂದು ಓಣಿಗೆಲ್ಲ ಕೇಳುವಂತೆ ಒದರಿದರು. ನಾನು ಚಪ್ಪಲಿ ಹುಡುಕತೊಡಗಿದೆ. ಶಾಂತವ್ವಾರು ಮಾತ್ರ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಅಲ್ಲೇ ನಿಂತಿದ್ದರು.

ಎದುರಿನ ಕಟ್ಟೆಯಿಂದ ಒಂದು ದನಿ ಬಂತು. “ಏ ತಂಗಿ, ಇಲ್ಲಿ ಬಾ. ಅದರಾಗ ಇಟ್ರ ಎಷ್ಟ ದಿನಾ ತಡೀತೈತಿ?”

ಕಂಬಳಿ ಹೊದ್ದು ಕುಳಿತ ಕುರಿಗಾರ ಮುದುಕ. ಹೆಸರು ಲಗಮಪ್ಪಜ್ಜ ಎಂದು ಆಮೇಲೆ ತಿಳಿಯಿತು.

“ಎರಡ ಮೂರ ದಿನಾ ತಡೀತೈತೋ ಯಜ್ಜಾ.”

“ಸಾಕ. ನನ್ನ ಮಕ್ಕಳು ಕುರಿ ಹೊಡಕೊಂಡು ಕೊಲ್ಲಾಪುರದಾಚೆ ಅದಾರ. ಹಿಂಡ ಯಾರಿಗರ ಒಪ್ಪಿಸಿ ಹಾದಿ ಹಿಡದ್ರ ಎರಡ ದಿನಾ ಬೇಕ. ನಮ್ಮಪ್ಪ ಸತ್ತಾಗ ನಾನೂ ಹಂಗ ದೂರ ಇದ್ನಿ. ಬಂದಾಗ ಅಂವನ ಕೋಲ ಅಷ್ಟ ಇತ್ತ.”

ಅಜ್ಜ ತನ್ನ ಟಗರುಗಳನ್ನು ಮಾರಿ ಪೆಟ್ಟಿಗೆ ಕೊಡಿಸಿದ. ಒಂದೇ ಷರತ್ತು: “ಮಾಸ್ತರ್, ಅದರ ಮ್ಯಾಲ ನನ್ನ ಹೆಸರ ಬರೀರಿ. ಸತ್ತವರ ಹೆಸರ ಬ್ಯಾಡ, ನಂದ.” ಬದುಕಿದ್ದವನ ಹೆಸರನ್ನು ಹೆಣದ ಪೆಟ್ಟಿಗೆಯ ಮೇಲೆ ಬರೆಯಲು ಯಾವ ಕೈ ಬಂದೀತು?

ನನ್ನ ಕೈ ಬಂತು, ಅದೂ ಜಾಸ್ತಿಯೇ ಬಂತು. ಸತ್ತವರ ಸ್ಮರಣಾರ್ಥ ಬರೆದು ಬರೆದು ರೂಢಿಯಾಗಿದ್ದ ಕುಂಚ ‘ದಿವಂಗತ ಲಗಮಪ್ಪ’ ಎಂದು ದುಂಡಗೆ ಬರೆದುಬಿಟ್ಟಿತು. ಹಿಂದೆ ಸರಿದು ಓದಿದ ಮೇಲೆಯೇ ಗೊತ್ತಾದದ್ದು. ಟರ್ಪೆಂಟೈನ್ ಸುರಿದು, ಇದೇ ಅರಿವೆಯಿಂದ ತಿಕ್ಕಿ, ಅಜ್ಜನನ್ನು ಬದುಕಿಸಿಕೊಂಡೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ಪೆಟ್ಟಿಗೆಯನ್ನು ದವಾಖಾನೆಗೆ ಒಪ್ಪಿಸುವ ದಿನ ಬೇರೆಯೇ ಫಜೀತಿ. ಅದಕ್ಕೆ ಕಾಯಿ ಒಡೆಯಬೇಕೋ ಬೇಡವೋ? ಹಾರ ಹಾಕಬೇಕೋ ಬೇಡವೋ? ನಮ್ಮ ಅಧ್ಯಕ್ಷರು ಹಾರ ಹಿಡಿದು ನಿಂತೇ ಇದ್ದರು. ಅಷ್ಟರಲ್ಲಿ ಅಜ್ಜ ತಲೆಯ ಪಟಗಾ ತೆಗೆದು ನನ್ನ ಕೈಗಿಟ್ಟ, ಒಂದು ಕಾಲು ಎತ್ತಿ ಪೆಟ್ಟಿಗೆಯೊಳಗೆ ಇಟ್ಟೇಬಿಟ್ಟ.

“ಅಯ್ಯಯ್ಯೋ! ಯಜ್ಜಾ, ಏನ ಮಾಡಾಕತ್ತಿ!” ಎಂದು ಅಧ್ಯಕ್ಷರು ಚೀರಿದರು. ನರ್ಸಮ್ಮ ಓಡಿಬಂದರು.

“ಯಾಕ? ಕಂಬಳಿ ಕೊಳ್ಳೂಮುಂದ ಒಮ್ಮಿ ಹೊದ್ದ ನೋಡೂದಿಲ್ಲೇನು?” ಎಂದವನೇ ಕಾಲು ಚಾಚಿ ಮಲಗಿದ. “ಮುಚ್ಚಳ ಹಾಕ್ರಿ. ಮಾರಿ ಕಾಣತೈತಿಲ್ಲ ನೋಡ್ರಿ.”

ನಮಗ್ಯಾರಿಗೂ ಕೈ ಏಳಲಿಲ್ಲ. ಶಾಂತವ್ವಾರು ಮುಂದೆ ಬಂದು ಗಾಜಿನ ಮುಚ್ಚಳ ಇಳಿಸಿದರು. ಒಳಗೆ ಅಜ್ಜ ಕಣ್ಣು ಪಿಳಿಪಿಳಿ ಬಿಡುತ್ತ, ಬೊಚ್ಚು ಬಾಯಿಯಲ್ಲಿ ನಗುತ್ತ ಮಲಗಿದ್ದ. “ಕಾಣತೈತೇನ ತಂಗಿ?” ದನಿ ದೂರದ ಹೊಲದಿಂದ ಬಂದಂತೆ ಕೇಳಿತು.

ಅವರು ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು. ಗಾಜಿನ ಮೇಲೆ ಅಂಗೈಯಿಟ್ಟು ಅಜ್ಜನ ಹಣೆ, ಕೆನ್ನೆ, ಗದ್ದ ಒಂದೊಂದನ್ನೂ ಸವರಿದರು. “ಕಾಣತೈತೋ ಯಪ್ಪಾ, ಚಲೋತ್ನಂಗ ಕಾಣತೈತಿ,” ಎಂದು ಹೋ ಎಂದು ಅತ್ತರು. ಸಭೆಯಲ್ಲಿ ಮಗಳ ಕತೆಯನ್ನು ಒಣ ಕಣ್ಣಲ್ಲಿ ಹೇಳಿದ್ದ ಹೆಂಗಸು. ನರ್ಸಮ್ಮನೇ ಮುಚ್ಚಳ ಎತ್ತಬೇಕಾಯಿತು. ಅಜ್ಜ ಎದ್ದು ಕುಳಿತು, ಪೆಟ್ಟಿಗೆಯಲ್ಲಿದ್ದುಕೊಂಡೇ ಅವರ ತಲೆ ನೇವರಿಸಿದ. ಅಧ್ಯಕ್ಷರ ಹಾರ ಕಡೆಗೆ ಅಜ್ಜನ ಕೊರಳಿಗೆ ಬಿತ್ತು.

ಈಗ ಹುಕ್ಕೇರಿಯ ಕಡೆಗೂ ಇಂಥದೊಂದು ಪೆಟ್ಟಿಗೆ ಬೇಕಾಗಿದೆ. ಇಂದು ಮಧ್ಯಾಹ್ನ ಅಲ್ಲಿಗೇ ಹೋಗಿದ್ದೆ, ಶಾಂತವ್ವಾರಿಗೆ ಮೊಣಕಾಲು ನೋವೆಂದು ಒಬ್ಬನೇ. ಕಾಳಿನ ವ್ಯಾಪಾರಿಯೊಬ್ಬರು ನಾನು ಬಾಯಿ ತೆರೆದದ್ದೇ, “ಬಿಡ್ತು ಅನ್ರಿ ಮಾಸ್ತರ್! ದೀಪಾ ಹಚ್ಚೂ ಮನ್ಯಾಗ ಎಂಥಾ ಮಾತ ಆಡತೀರಿ?” ಎಂದು ಕದ ಮುಚ್ಚಲು ಹೋದರು. ಹಿಂದಿನ ನಾನಾಗಿದ್ದರೆ ಮುಂದಿನ ಬಸ್ಸು ಹಿಡಿಯುತ್ತಿದ್ದೆ.

“ಸಿಟ್ಟಾಗಬ್ಯಾಡ್ರಿ ಸಾವಕಾರ್ರ. ಒಂದ ಮಾತ ಕೇಳತೇನಿ. ನಿಮಗ ಯಾರದರ ಮಾರಿ ಕಡೀಕ ಒಮ್ಮಿ ನೋಡೂದ ತಪ್ಪಿ ಹೋಗೈತೇನ್ರಿ?”

ಕದ ಅರ್ಧಕ್ಕೆ ನಿಂತಿತು. ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಆ ಕಣ್ಣು ಬೇರೆಲ್ಲೋ ಹೋಯಿತು.

“ನಮ್ಮ ತಮ್ಮನ ಮಾರಿರಿ,” ಎಂದರು. ಎಂದವರು ಹೊಸ್ತಿಲ ಮೇಲೆಯೇ ಕುಸಿದು ಕುಳಿತರು. ನಾನೂ ಅವರ ಬಾಜೂ ಕುಳಿತೆ.