ಹಾಗಲದ ಕಷಾಯಕ್ಕೆ ಸಾಕ್ಷಿ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಕೂತರೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಅದು ಇನ್ನೊಮ್ಮೆ ಆಯಿತೇ?" ಆಗಲಿಲ್ಲ ಎಂದರೆ ನನ್ನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಸಕ್ಕರೆ ಕಾಯಿಲೆಗೆ ಗಿಡಮೂಲಿಕೆಗಳಿಂದ ಏನಾದರೂ ಉಪಯೋಗವಿದೆಯೇ ಎಂದು ನೋಡುವ ದೆಹಲಿಯ ಒಂದು ಲ್ಯಾಬಿನಲ್ಲಿ ನನಗೆ ಕೆಲಸ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ನಾವೂ ಹಾಗೆಯೇ. ಆದರೆ ಒಂದೇ ಸಲ ಕಂಡದ್ದು ನಮ್ಮಲ್ಲಿ ಲೆಕ್ಕಕ್ಕಿಲ್ಲ. ಈಗ ಹೇಳಹೊರಟಿರುವುದು ಒಂದೇ ಸಲ ಆದದ್ದು. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ತುಮಕೂರು ಬಿಟ್ಟು ಮಯೂರ್ ವಿಹಾರದ ನಮ್ಮ ಫ್ಲ್ಯಾಟಿಗೆ ಬಂದಿದ್ದ ಅತ್ತೆಗೆ ಆಗಷ್ಟೇ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದಿತ್ತು. ಡಾಕ್ಟರು ಬರೆದ ಮಾತ್ರೆಯನ್ನು ಅವರು ಮುಟ್ಟಲೊಲ್ಲರು. "ಮನೇಲೇ ಸೊಪ್ಪಿನ ಡಾಕ್ಟರು ಇರೋವಾಗ ನಾನ್ಯಾಕೆ ಇಂಗ್ಲಿಷ್ ಮಾತ್ರೆ ನುಂಗ್ಲಿ? ಯಾವುದಾದ್ರೂ ಎಲೆ ಕೊಡೇ" ಎನ್ನುತ್ತಿದ್ದರು. ಎಲೆ ಇನ್ನೂ ಪರೀಕ್ಷೆ ಬರೆಯುತ್ತಿದೆ, ಮಾತ್ರೆ ಪಾಸಾಗಿ ಬಂದಿದೆ ಎಂದು ನಾನು ಹೇಳಿದ್ದೆಲ್ಲ ದಂಡವಾಯಿತು. ಸಕ್ಕರೆ ಏರುತ್ತಲೇ ಇತ್ತು. ಪಾದ ಜೋಮು ಹಿಡಿಯುತ್ತದೆ ಎನ್ನತೊಡಗಿದಾಗ ನನಗೆ ನಿಜಕ್ಕೂ ಭಯವಾಯಿತು.

ಅದೇ ಹೊತ್ತಿಗೆ ಮಗಳು ಇಳಾಗೆ ಜಂತುಹುಳದ ತೊಂದರೆ. ಆಗಿನ್ನೂ ಅವಳು ಶಾಲೆಗೆ ಸೇರಿದ ಹೊಸತು. ಡಾಕ್ಟರು ಕೊಟ್ಟ ಮಾತ್ರೆಯನ್ನು ತಕರಾರಿಲ್ಲದೆ ಅಗಿದು ನುಂಗಿದ್ದಳು. ಆದರೂ ಅತ್ತೆಗೆ ಸಮಾಧಾನವಿಲ್ಲ. ಬಾಲ್ಕನಿಯ ಕುಂಡದಲ್ಲಿದ್ದ ಹಾಗಲಬಳ್ಳಿಯ ಎಲೆಗೆ ಓಮ ಸೇರಿಸಿ ಕಷಾಯ ಕಾಯಿಸಿದರು. ಒಂದು ಚಮಚಕ್ಕೆ ಏನೂ ಆಗದು ಎಂದು ಡಾಕ್ಟರು ನಕ್ಕಿದ್ದರು, ಆದರೆ ಇಳಾ ಬಾಯಿಯೇ ತೆರೆಯಲಿಲ್ಲ.

ಆ ಭಾನುವಾರ ಮಧ್ಯಾಹ್ನ ನಾನು ಅತ್ತೆಗೆ ಪಾಠ ಹೇಳಲು ಹೊರಟಿದ್ದೆ. ಮಧುನಾಶಿನಿ, ಇಲ್ಲಿನವರು ಗುಡ್‌ಮಾರ್ ಎನ್ನುವ ಎಲೆ, ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿಯೇ ತಿಳಿಯುವುದಿಲ್ಲ. ಹಾಗೆಂದು ಮೈಯಲ್ಲಿನ ಸಕ್ಕರೆ ಮಾಯವಾಯಿತೆಂದು ಅರ್ಥವಲ್ಲ ಎಂದು ತೋರಿಸುವುದು ನನ್ನ ಉದ್ದೇಶ. ಎರಡು ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡೆ. ಬರೀ ಮರಳು. ಮೈಸೂರು ಪಾಕು ತಿಂದೆ. ತುಪ್ಪ ಹಚ್ಚಿದ ಕಡಲೆಹಿಟ್ಟು.

"ಅಷ್ಟು ಒಳ್ಳೇ ಪಾಕು ಹಾಳುಮಾಡಿದೆಯಲ್ಲೇ" ಎಂದರು ಅತ್ತೆ. "ಸರಿ, ಒಂದು ಪಂದ್ಯ. ನಿನ್ನ ಮಗಳು ನನ್ನ ಕಷಾಯ ಕುಡಿದ್ರೆ ನಾನು ನಿನ್ನ ಮಾತ್ರೆ ನುಂಗ್ತೀನಿ. ದಿನಾ ನುಂಗ್ತೀನಿ."

ಇಳಾ ಕೈಕಟ್ಟಿ ನಿಂತಳು. ದೆಹಲಿಯಲ್ಲಿ ಬೆಳೆದ ಅವಳ ಕನ್ನಡದಲ್ಲಿ ಅರ್ಧ ಹಿಂದಿ. "ಪೆಹಲೇ ಅಮ್ಮ ಕುಡೀಲಿ. ಔರ್ ಝೂಠ್ ಹೇಳಬಾರದು."

ಸುಳ್ಳು ನನ್ನ ಮುಖದಲ್ಲಿ ನಿಲ್ಲುವುದಿಲ್ಲ. ಅದು ಮಗಳಿಗೆ ಚೆನ್ನಾಗಿ ಗೊತ್ತು. ಪಂದ್ಯ ಸೋತೆ ಅಂದುಕೊಂಡೇ ಕಷಾಯದ ಲೋಟ ಎತ್ತಿ ಒಂದು ಗುಟುಕು ಕುಡಿದೆ.

ಸಿಹಿಯಾಗಿತ್ತು. ಎಳೆ ಕಬ್ಬನ್ನು ಸಿಗಿದು ಅಗಿದಾಗ ಗಂಟಲಿನವರೆಗೂ ಇಳಿಯುತ್ತದಲ್ಲ, ಆ ಸಿಹಿ. ಗಾಬರಿಯಾಗಿ ಮತ್ತೆ ಸಕ್ಕರೆ ಹಾಕಿಕೊಂಡೆ, ಅದು ಮರಳೇ. ಮತ್ತೆ ಕಷಾಯ ಕುಡಿದೆ, ಸಿಹಿಯೇ!

"ಅಯ್ಯೋ, ಇದು ಸಿಹಿಯಾಗಿದೆ!" ಎಂದು ಕೂಗಿದೆನಂತೆ.

ಇಳಾ ನನ್ನ ಮುಖವನ್ನೊಮ್ಮೆ ನೋಡಿ, ಅಜ್ಜಿಯ ಕೈಯಿಂದ ಚಮಚ ಕಸಿದುಕೊಂಡು, ಲೋಟದಿಂದ ತುಂಬಿಸಿ ಕುಡಿದಳು. "ಅರೇ, ಸಚ್ಚೀ! ಮೀಠಾ ಇದೆ ಅಜ್ಜಿ!" ಅವಳು ಮಧುನಾಶಿನಿ ಅಗಿದಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಅತ್ತೆ ಅನುಮಾನದಿಂದ ಅದೇ ಲೋಟದಲ್ಲಿ ಉಳಿದದ್ದನ್ನು ಕುಡಿದರು. ಮುಖ ಹಿಂಡಿದ ನಿಂಬೆಹಣ್ಣಾಯಿತು. "ಥೂ, ವಿಷ ಇದ್ದಂಗಿದೆ! ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಅಂದ್ರೆ ನೀವಿಬ್ರೇ ಕಣ್ರೇ!" ಆದರೂ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಾತ್ರೆ ನುಂಗಿದರು.

ಆಮೇಲೆ ನಾನು ಸುಮ್ಮನಿರಲಿಲ್ಲ. ಅದೇ ಬಳ್ಳಿಯ ಎಲೆ, ಅದೇ ಡಬ್ಬಿಯ ಓಮ. ಮಧುನಾಶಿನಿ ಅಗಿದು, ಅಗಿಯದೆ, ಊಟಕ್ಕೆ ಮೊದಲು, ಊಟದ ನಂತರ ಎಲ್ಲ ಮಾಡಿ ನೋಡಿದೆ. ಪ್ರತಿ ಸಲವೂ ಕಹಿ. ಲ್ಯಾಬಿನ ಗೆಳತಿಯ ಪ್ರಕಾರ, ಎಲೆಯ ಪ್ರಭಾವ ಇಳಿಯುವಾಗ ನಾಲಿಗೆ ಹೀಗೆ ಆಟವಾಡಿರಬಹುದು. ಹಾಗಿದ್ದರೆ ಆ ಕ್ಷಣಕ್ಕೆ ಸಕ್ಕರೆ ಯಾಕೆ ಮರಳಾಗಿಯೇ ಇತ್ತು? ಇಳಾಗೆ ಯಾಕೆ ಸಿಹಿಯಾಯಿತು? ಈಗ ಅವಳನ್ನು ಕೇಳಿದರೆ, "ಪತಾ ನಹೀ ಅಮ್ಮ. ನೀನು ಹೇಳಿ ಹೇಳಿ ನಂಗೆ ಯಾದ್ ಇದೆ ಅನ್ಸುತ್ತೆ" ಎನ್ನುತ್ತಾಳೆ. ನನ್ನ ನೆನಪೂ ಅಷ್ಟೇ ಇರಬಹುದೇ? ಗೊತ್ತಿಲ್ಲ.

ಅತ್ತೆಯ ಸಕ್ಕರೆ ಈಗ ಹತೋಟಿಯಲ್ಲಿದೆ. ಪೀತಮ್‌ಪುರದ ನೆಂಟರ ಮನೆಗೆ ಹೋದಾಗಲೆಲ್ಲ ಈ ಕಥೆ ಬಂದೇ ಬರುತ್ತದೆ. "ನಂಗೆ ಮಾತ್ರೆ ನುಂಗಿಸೋಕೆ ಅಂತ ಆ ಕಹಿ ಕುಡಿದು, ಮುಖ ಒಂಚೂರೂ ಹಿಂಡದೆ ಸಿಹಿ ಅಂದ್ಲು ನೋಡಿ! ನನ್ನ ಸೊಸೆ ನಾಟಕಕ್ಕೆ ಸೇರಿದ್ರೆ ಹೆಸರು ಮಾಡ್ತಿದ್ಲು."

"ಇಲ್ಲ ಅತ್ತೆ, ಅದು ನಿಜವಾಗ್ಲೂ ಸಿಹಿಯಾಗಿತ್ತು" ಎನ್ನುತ್ತೇನೆ.

"ಗೊತ್ತು ಕಣೇ, ಗೊತ್ತು" ಎಂದು ಅತ್ತೆ ಎಲ್ಲರಿಗೂ ಕಾಣುವಂತೆ ನನ್ನತ್ತ ಕಣ್ಣು ಮಿಟುಕಿಸುತ್ತಾರೆ.